ನೈರೋಬಿಯಲ್ಲಿ ಮೊದಲ ರೋಸ್ ಯಾರು ಹಾಕಿದರು

ಬೆಳಗ್ಗೆ, ಆಂಟಿಯ ಅಡುಗೆಮನೆ

ಆ ದಿನ ಬೆಳಗ್ಗೆಯೂ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನೈರೋಬಿ ಎತ್ತರದಲ್ಲಿರುವ ಊರು. ಇಲ್ಲಿನ ಹಾಲಿಗೂ ನೀರಿಗೂ ಕಡಲ ಬದಿಯ ನಮ್ಮ ಕಾಪುವಿನಷ್ಟು ತಾಳ್ಮೆ ಇಲ್ಲ. ಏಲಕ್ಕಿ ಜಜ್ಜಲು ಆಚೆ ತಿರುಗಿದರೆ ಸಾಕು, ಉಕ್ಕಿಬಿಡುತ್ತದೆ. ಅನ್ನ ಮಾತ್ರ ಬೇಯುವುದೇ ಇಲ್ಲ. ಊರಿನಿಂದ ತಂದ ಕುಚ್ಚಲಕ್ಕಿ ಪಾತ್ರೆಯೊಳಗೆ ಹಟ ಹಿಡಿದು ಕೂತಿರುತ್ತದೆ. ಬಂದಂದಿನಿಂದ ನನ್ನ ದಿನಚರಿ ಇದೇ: ಊರಿನ ಗಡಿಯಾರದ ಪ್ರಕಾರ ಕತ್ತಲಲ್ಲೇ ಎಚ್ಚರವಾಗುವುದು, ಈ ಮನೆಯ ಸೆವ್ರಿನ್ ಆಂಟಿಯ ಹಳೆಯ ಸ್ವೆಟರ್ ಹಾಕಿಕೊಂಡು ಅಡುಗೆಮನೆಗೆ ಬರುವುದು, ಹಾಲು ಉಕ್ಕಿಸಿ ಒಲೆ ಒರೆಸುವುದು, ಜಪಸರ ಹಿಡಿದು ಮೂಲೆಯ ಸ್ಟೂಲಿನಲ್ಲಿ ಕೂತ ಅಕ್ಕನಿಗೆ ಚಹಾ ಕೊಡುವುದು.

ಸ್ವೆಟರಿನ ಸಂಗತಿ ಹೇಳಬೇಕು. ಆಫ್ರಿಕಾ ಎಂದರೆ ಬಿಸಿಲು ಎಂದು ಯಾರೋ ಹೇಳಿದ್ದನ್ನು ನಂಬಿ ನಾವಿಬ್ಬರೂ ತೆಳು ಕಾಟನ್ ಸೀರೆ ಮಾತ್ರ ತುಂಬಿಕೊಂಡು ಬಂದೆವು. ಇಳಿದು ನೋಡಿದರೆ ಇಲ್ಲಿನ ಜುಲೈಯಲ್ಲಿ ಜನ ಜಾಕೆಟ್ ಹಾಕಿ, ಕೈ ಉಜ್ಜಿಕೊಂಡು ಓಡಾಡುತ್ತಿದ್ದರು.

ನನ್ನ ಅಕ್ಕ ಲಿಲ್ಲಿ ಇರುವುದು ಕಾರ್ಕಳದಲ್ಲಿ. ಕೊಂಕಣಿಯಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತೇವೆ. ನನಗೆ ಆಕೆ ಲಿಲ್ಲಿ ಬಾಯ್. ಅವಳ ಮಗಳು ಶರಲ್ ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿತು ಇಲ್ಲಿನ ಆಸ್ಪತ್ರೆಯೊಂದಕ್ಕೆ ಬಂದಳು. ಇಲ್ಲೇ ಹುಟ್ಟಿ ಬೆಳೆದ ಗೋವಾ ಮೂಲದ ಹುಡುಗನನ್ನು ಮೆಚ್ಚಿದಳು. ಹುಡುಗನ ಅಜ್ಜಿಗೆ ವಿಮಾನ ಹತ್ತುವ ಶಕ್ತಿ ಇಲ್ಲದ ಕಾರಣ ಮದುವೆ ಇಲ್ಲಿಯೇ, ಮರುದಿನ. ಆ ದಿನ ಸಂಜೆ ರೋಸ್. ಕರಾವಳಿಯ ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ನಿಮ್ಮಲ್ಲಿ ಮದುವೆಯ ಮುಂಚೆ ಅರಸಿನ ಹಚ್ಚುವ ಹಾಗೆ ನಮ್ಮ ಕ್ರಿಸ್ತುವರಲ್ಲಿ ಮದುಮಗನಿಗೆ ಅವನ ಮನೆಯಲ್ಲಿ, ಮದುಮಗಳಿಗೆ ಅವಳ ಮನೆಯಲ್ಲಿ ತೆಂಗಿನ ಹಾಲು ಹಾಕಿ ಎಣ್ಣೆ ಹಚ್ಚುತ್ತಾರೆ. ಕನ್ಯೆಯಾಗಿ ಅವಳ ಕೊನೆಯ ಸ್ನಾನ ಅದು. ಮೊದಲು ತಂದೆ ತಾಯಿ ಹಣೆಯ ಮೇಲೆ ಹಾಲಿನಿಂದ ಶಿಲುಬೆಯ ಗುರುತು ಹಾಕಬೇಕು. ಆಮೇಲೆ ಉಳಿದವರು.

ಶರಲ್‌ಳ ತಂದೆ ತೀರಿಹೋಗಿ ಕೆಲವು ವರ್ಷಗಳಾದವು.

"ನೀನೂ ನಿನ್ನ ಗಂಡನೂ ಮುಂದೆ ನಿಂತು ಹಾಕುವುದೆಂದು ಮಾತಾಗಿತ್ತು. ಅವನು ಬರಲಿಲ್ಲ. ಇನ್ನು ನೀನೊಬ್ಬಳೇ ಹಾಕು ಹಿಲ್ಡಾ" ಎಂದಳು ಅಕ್ಕ, ಚಹಾ ಊದುತ್ತಾ. "ನಾನು ಒಳಗೆ ಹಾಲು ಹಿಂಡ್ತೇನೆ. ನನ್ನ ಕೈ ಬೇಡ ಮಾರಾಯ್ತಿ."

"ಎಂತಕ್ಕೆ ಬೇಡ?"

"ಗಂಡ ಇಲ್ಲದವಳ ಕೈ. ನಾಳೆ ಅವಳಿಗೆ ಏನಾದರೂ ಹೆಚ್ಚುಕಡಿಮೆ ಆದರೆ? ಯಾರೂ ಹೇಳದಿದ್ದರೂ ನಾನೇ ಹೇಳಿಕೊಳ್ತೇನೆ, ನನ್ನ ಕೈಯಿಂದ ಆಯ್ತು ಅಂತ."

ಇದು ಇಗರ್ಜಿ, ಅಂದರೆ ಚರ್ಚು, ಹೇಳಿದ ನಿಯಮವಲ್ಲ. ಊರಿನಲ್ಲಿ ಈಗ ಅನೇಕ ಮನೆಗಳಲ್ಲಿ ಇದು ಇಲ್ಲ. ಆದರೆ ನಮ್ಮಮ್ಮನ ಮನೆಯಲ್ಲಿ ಇತ್ತು. ರೂಢಿ ಎಂಬುದು ಬೈದು ಓಡಿಸಿದರೂ ಹಿತ್ತಲ ಬಾಗಿಲಿನಿಂದ ಬರುವ ಬೆಕ್ಕು.

ಅಷ್ಟರಲ್ಲಿ ಶರಲ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದಳು. "ಮಾವ್ಶಿ, ಮಮ್ಮಿಗೆ ಹೇಳಿಬಿಡಿ. ಮೊದಲ ಕೈ ಅವರದ್ದು ಬೀಳದಿದ್ದರೆ ನಾನು ಕೂರುವುದಿಲ್ಲ. ಪೆಂಡಾಲ್ ಬಿಚ್ಚಿಸಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಹಟದಲ್ಲಿ ಅವಳು ತಾಯಿಯದೇ ಮಗಳು.

ಮಾರ್ಕೆಟ್‌ಗೆ, ಮತ್ತು ಒಂದು ಕೋಳಿ

ಮನೆ ಸೆವ್ರಿನ್ ಆಂಟಿಯದ್ದು. ಶರಲ್ ಇಲ್ಲಿ ಬಾಡಿಗೆಗೆ ಇದ್ದವಳು, ಈಗ ಮನೆ ಮಗಳು. ಆಂಟಿ ಕಾರ್ಕಳದ ಹತ್ತಿರದ ಅಜೆಕಾರಿನಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಅವರು ಬಿಟ್ಟುಬಂದ ಅಜೆಕಾರು ಅವರ ಮಟ್ಟಿಗೆ ಅಲ್ಲಿಯೇ ನಿಂತಿದೆ. ಅಲ್ಲಿ ಈಗ ಹುಡುಗಿಯರು ಸ್ಕೂಟಿಯಲ್ಲಿ ಕಾಲೇಜಿಗೆ ಹೋಗುತ್ತಾರೆ ಎಂದರೆ, "ಗದ್ದೆಯ ಬದುವಿನ ಮೇಲೆ ಹೇಗೆ?" ಎಂದು ಕೇಳುತ್ತಾರೆ. ರೋಸ್‌ನ ಪ್ರತಿ ಶಾಸ್ತ್ರವೂ ಅವರಿಗೆ ಬಾಯಿಪಾಠ. ಮದುವೆ ಮನೆಯಲ್ಲಿ ಹಾಡುವ ವೊವ್ಯೊ ಪದಗಳಿಗಂತೂ ನೈರೋಬಿಯ ಕೊಂಕಣಿಯವರೆಲ್ಲ ಅವರನ್ನೇ ಕರೆಯುತ್ತಾರೆ.

ಆದರೆ ತೆಂಗಿನಕಾಯಿಯ ವಿಷಯದಲ್ಲಿ ಅವರು ಕಪಾಟಿನಿಂದ ತೆಗೆದದ್ದು ಡಬ್ಬಿಯ ಹಾಲು. ಅಕ್ಕ ಅದನ್ನು ನೋಡಿದ ನೋಟ ನಾನು ಮರೆಯುವಂತಿಲ್ಲ. ಆ ನೋಟಕ್ಕೆ ಕಾರಣ ಉಂಟು. ನಾವು ಕಾಪುವಿನಿಂದ ಚೆನ್ನಾಗಿ ಒಣಗಿದ ಕಾಯಿಗಳನ್ನು ಆರಿಸಿ, ಸೀರೆಗಳ ಮಧ್ಯೆ ಮಕ್ಕಳನ್ನು ಮಲಗಿಸುವಂತೆ ಮಲಗಿಸಿ ತಂದಿದ್ದೆವು. ವಿಮಾನ ನಿಲ್ದಾಣದಲ್ಲಿ ಒಬ್ಬ ಹುಡುಗಿ ಒಂದೊಂದಾಗಿ ಹೊರಗೆ ತೆಗೆದಿಟ್ಟಳು. "ಇದು ಹೋಗ್ಲಿಕ್ಕಿಲ್ಲ ಅಮ್ಮ." ಅಕ್ಕ ಅವಳಿಗೆ ರೋಸ್‌ನ ಮಹತ್ವ ಪೂರ್ತಿ ವಿವರಿಸಿದಳು. ಹುಡುಗಿ ಪೂರ್ತಿ ಕೇಳಿ, "ಆದರೂ ಹೋಗ್ಲಿಕ್ಕಿಲ್ಲ" ಎಂದಳು. ತೆಂಗು ಬೆಳೆಯುವ ಸಮುದ್ರ ತೀರ ಈ ದೇಶಕ್ಕೂ ಉಂಟು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲೇ ಇಲ್ಲ.

ಹಾಗಾಗಿ ಶರಲ್‌ಳ ಗೆಳತಿ ಗ್ರೇಸ್ ನನ್ನನ್ನು ಮಾರ್ಕೆಟ್‌ಗೆ ಕರೆದುಕೊಂಡು ಹೋದಳು. ಗ್ರೇಸ್ ಅದೇ ಆಸ್ಪತ್ರೆಯಲ್ಲಿ ನರ್ಸ್. ನಾವು ಹೋದದ್ದು ಮತಾತು ಎಂಬ ಸಣ್ಣ ಬಸ್ಸಿನಲ್ಲಿ. ಉಡುಪಿ ಕಾರ್ಕಳದ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳೇ ಗಲಾಟೆ ಎಂದುಕೊಂಡಿದ್ದೆ. ಮತಾತುವಿನ ಪಾಟಿನ, ಅಂದರೆ ಹಾಡಿನ ಅಬ್ಬರದ ಮುಂದೆ ಅವು ಮೌನಾಚರಣೆ. ಸೀಟು ನಡುಗುತ್ತಿತ್ತು, ನನ್ನ ಕನ್ನಡಕವೂ ತಾಳ ಹಾಕುತ್ತಿತ್ತು. ಪಕ್ಕದ ಅಜ್ಜಿ ಮಾತ್ರ ನಿಶ್ಚಿಂತೆಯಿಂದ ಸ್ವೆಟರ್ ಹೆಣೆಯುತ್ತಿದ್ದರು.

ಮಾರ್ಕೆಟಿನಲ್ಲಿ ಕಾಯಿ ಕೊಳ್ಳುವುದು ಸುಲಭವಿಲ್ಲ. ಕಷ್ಟ ಕಾಯಿಯದ್ದಲ್ಲ, ಕುಶಲ ಪ್ರಶ್ನೆಯದ್ದು. ಇಲ್ಲಿ ನೇರವಾಗಿ "ಎಷ್ಟು?" ಎಂದು ಕೇಳಿದರೆ ಒರಟುತನ. ನೀವು ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಬೆಳಗ್ಗೆ ಹೇಗಿತ್ತು, ಚಳಿ ಹೇಗುಂಟು, ಎಲ್ಲ ಆಗಬೇಕು, ಕೈ ಹಿಡಿದುಕೊಂಡೇ ಆಗಬೇಕು. ಕಾಯಿ ಮಾರುವ ಹೆಂಗಸು ಕಡಲ ತೀರದವಳು. ನಾನು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು ಕಂಡು ಅವಳ ಮುಖ ಅರಳಿತು. ಕೆಳಗಿನಿಂದ ಒಂದು ಮಡಚುವ ತುರಿಮಣೆ ಎಳೆದು ತೋರಿಸಿದಳು. ಮರದ ಪುಟ್ಟ ಪೀಠ, ಮುಂದೆ ಚಾಚಿದ ಹಲ್ಲಿನ ಕಬ್ಬಿಣ. ನಮ್ಮ ಮನೆಯದೇ! ನಾನು ಅಲ್ಲೇ, ನಡುಮಾರ್ಕೆಟಿನಲ್ಲಿ, ಸೀರೆ ಎತ್ತಿ ಅದರ ಮೇಲೆ ಕೂತುಬಿಟ್ಟೆ. ನಾನು ಕಲಿತ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾಯಿಯ ಜೊತೆ ಅದನ್ನೂ ಕೊಂಡೆ.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಗ್ರೇಸ್‌ಳ ತಾಯಿಯನ್ನು ಜೊತೆಗೆ ಕರೆದುಕೊಂಡೆವು. ಮದುವೆಗೆಂದು ದೂರದ ಸರೋವರದ ಬದಿಯ ಹಳ್ಳಿಯಿಂದ ಬಂದವರು. ಎತ್ತರದ ಹೆಂಗಸು, ಸೊಂಟಕ್ಕೆ ಹೂವಿನ ಬಟ್ಟೆ, ಕಂಕುಳಲ್ಲಿ ಜೀವಂತ ಕೋಳಿ. ಕೋಳಿ ಮದುಮಗಳ ತಾಯಿಗೆ ಉಡುಗೊರೆ. ಮದುವೆಗೆ ಹೋಗುವಾಗ ಕೈ ಬೀಸಿಕೊಂಡು ಹೋಗಬಾರದು ಎಂಬುದು ಅವರಲ್ಲಿಯೂ ಉಂಟು. ಅವರ ಹೆಸರೇನೆಂದು ಕೇಳಿದಾಗ ಗ್ರೇಸ್ ನಕ್ಕಳು. "ಮಾಮಾ ಗ್ರೇಸ್ ಎಂದರೆ ಸಾಕು. ನಮ್ಮಲ್ಲಿ ತಾಯಂದಿರನ್ನು ಮೊದಲ ಮಗುವಿನ ಹೆಸರಿನಿಂದ ಕರೆಯುವುದು."

ಅಕ್ಕನನ್ನು ಬೀದಿಯವರೆಲ್ಲ ಯಾಕೆ "ಮಾಮಾ ಶರಲ್" ಎನ್ನುತ್ತಿದ್ದಾರೆಂದು ಆಗ ತಿಳಿಯಿತು. ನಾವು ಊರಿನಲ್ಲಿ ಅಚ್ಚು ಹಾಕಿಸಿದ ಮದುವೆ ಕಾಗದದಲ್ಲಿ ಅವಳು "ದಿವಂಗತ ರಾಬರ್ಟ್ ಅವರ ಪತ್ನಿ". ಇಲ್ಲಿಗೆ ಬಂದ ಮೇಲೆ ಅವಳ ಹೆಸರಿನಲ್ಲಿ ಸತ್ತವರು ಯಾರೂ ಇರಲಿಲ್ಲ.

ಹಿತ್ತಲು

ಕೋಳಿಯನ್ನು ಅಕ್ಕನ ಕೈಗೆ ಕೊಟ್ಟದ್ದೇ ತಡ, ಅದು ಹಾರಿ ಆಂಟಿಯ ಒಣಗಲು ಹಾಕಿದ ಬೆಡ್‌ಶೀಟಿನ ಮೇಲೆ ಕೂತಿತು. ಅದನ್ನು ಹಿಡಿಯುವಷ್ಟರಲ್ಲಿ ಇಬ್ಬರು ತಾಯಂದಿರಿಗೂ ಭಾಷೆ ಬೇಡವಾಗಿತ್ತು. ಆಮೇಲೆ ಹಿತ್ತಲಲ್ಲಿ ಚಾಪೆ ಹಾಸಿ ಕೂತೆವು. ನಾನು ತುರಿದೆ, ಅಕ್ಕ ಹಿಂಡಿದಳು. ಮಾಮಾ ಗ್ರೇಸ್ ತುರಿಮಣೆಯ ಮೇಲೆ ಒಮ್ಮೆ ಕೂತು, ಕಾಯಿಯ ಕರಿ ಸಿಪ್ಪೆಯನ್ನೂ ಸೇರಿಸಿ ತುರಿದು, ಅಕ್ಕನಿಂದ ಬೈಸಿಕೊಂಡು ಎದ್ದರು. ಬೈದದ್ದು ಕೊಂಕಣಿಯಲ್ಲಾದರೂ ಅವರಿಗೆ ಪೂರ್ತಿ ಅರ್ಥವಾಯಿತು. ಅವರ ಇಂಗ್ಲಿಷ್ ನಿಧಾನ, ಇಗರ್ಜಿಯಲ್ಲಿ ವಾಚನ ಓದುವ ಹಾಗೆ ಒಂದೊಂದೇ ಶಬ್ದ. ನಾನು ನಡುವೆ ಕೂತು ಅತ್ತಿತ್ತ ದಾಟಿಸುತ್ತಿದ್ದೆ.

"ಸಂಜೆ ಈ ಹಾಲನ್ನು ನೀವು ಮಗಳಿಗೆ ಹಾಕುತ್ತೀರಿ, ಅಲ್ಲವೇ?" ಎಂದು ಕೇಳಿದರು.

ಅಕ್ಕ ತಲೆ ಎತ್ತಲಿಲ್ಲ. "ಹೇಳು ಅವರಿಗೆ" ಎಂದಳು ನನಗೆ. ನಾನು ಹೇಳಿದೆ.

ಮಾಮಾ ಗ್ರೇಸ್ ಕೈಯಲ್ಲಿದ್ದ ತೆಂಗಿನ ಗೆರಟೆಯನ್ನು ಕೆಳಗಿಟ್ಟರು. ಆಮೇಲೆ, "ನಿಮ್ಮದು ಹಾಲು, ನನ್ನದು ಬೀಜ" ಎಂದರು.

ಅವರ ಗಂಡ ತೀರಿಹೋದಾಗ ಗ್ರೇಸ್ ಚಿಕ್ಕವಳು. ಅವರ ಕಡೆಯ ಹಳೆಯ ಕಟ್ಟಳೆಯಂತೆ ಗಂಡ ಸತ್ತವಳು ಮಳೆಗಾಲದ ಮೊದಲ ಬೀಜ ಹಾಕುವ ಹಾಗಿಲ್ಲ. ಗಂಡನ ಕಡೆಯ ಇನ್ನೊಬ್ಬ ಗಂಡಸಿನ ಆಶ್ರಯ ಒಪ್ಪಿಕೊಂಡರೆ ಮಾತ್ರ ಹೊಲಕ್ಕೆ ಇಳಿಯಬಹುದು. ಎಲ್ಲರೂ ಹಾಗಲ್ಲ, ಈಗ ತುಂಬ ಬದಲಾಗಿದೆ ಎಂದೂ ಹೇಳಿದರು, ತನ್ನ ಜನರನ್ನು ನಾನು ತಪ್ಪು ತಿಳಿಯಬಾರದೆಂದು. ಆದರೆ ಇವರ ಮೈದುನರಿಗೆ ಹೊಲ ಬೇಕಿತ್ತು, ಕಟ್ಟಳೆ ಕೈಗೆ ಸಿಕ್ಕಿತು.

"ಆಮೇಲೆ?" ಅಕ್ಕನ ಕೈ ಹಿಂಡುವುದನ್ನು ನಿಲ್ಲಿಸಿತ್ತು.

"ಸರೋವರದ ಆಚೆ ದಡ ಬೇರೆ ದೇಶ. ಅಲ್ಲಿಂದ ಮೀನು ಮಾರಲು ದೋಣಿಯಲ್ಲಿ ಬರುವ ಹೆಂಗಸರಿದ್ದರು. ಒಬ್ಬಳು ಹೇಳಿದಳು, ನಮ್ಮೂರಿನ ವಿಧವೆಯರು ನಾವೆಲ್ಲರೂ ಒಂದೇ ಹೊಲಕ್ಕೆ ಇಳಿಯುತ್ತೇವೆ, ಸಾಲಾಗಿ ನಿಂತು ಒಟ್ಟಿಗೆ ಬೀಜ ಬಿಡುತ್ತೇವೆ, ಮೊದಲು ಹಾಕಿದವಳು ಯಾರೆಂದು ಯಾರಿಗೂ ಹೇಳಲಿಕ್ಕಾಗುವುದಿಲ್ಲ ಅಂತ. ನಮ್ಮಲ್ಲಿಯೂ ವಿಧವೆಯರಿಗೇನು ಬರವೇ? ನಾವೂ ಹಾಗೆಯೇ ಮಾಡಿದೆವು. ಇವತ್ತು ನನ್ನ ಹೊಲ, ನಾಳೆ ಅವಳದು."

"ಹೆದರಿಕೆ ಆಗ್ಲಿಲ್ವಾ ಕೇಳು" ಎಂದಳು ಅಕ್ಕ.

"ಆಯಿತು. ಮೊಳಕೆ ಕಾಣುವವರೆಗೆ ಸರಿಯಾಗಿ ಊಟ ಸೇರಲಿಲ್ಲ. ಜೋಳ ಚೆನ್ನಾಗಿಯೇ ಬಂತು. ಆಮೇಲೆ ಹಕ್ಕಿಗಳು ಬಂದು ಅರ್ಧ ತಿಂದವು. ಗಂಡ ಇದ್ದವರ ಹೊಲದಲ್ಲಿಯೂ ಅರ್ಧ ತಿಂದವು. ಹಕ್ಕಿಗಳು ವಿಚಾರಿಸಲಿಲ್ಲ."

ಅಕ್ಕನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

ಬಾಗಿಲಲ್ಲಿ ಸೆವ್ರಿನ್ ಆಂಟಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ಅವರವರ ಜಾಗದ ರೀತಿ ಅವರವರಿಗೆ" ಎಂದರು ಕೊಂಕಣಿಯಲ್ಲಿ, ಸ್ವಲ್ಪ ಖಾರವಾಗಿಯೇ. "ನನ್ನ ಗಂಡ ಹೋದ ಮೇಲೆ ಮಗನ ಮದುವೆ ಆಯ್ತು. ನಾನು ಅವನಿಗೆ ರೋಸ್ ಹಾಕಲಿಲ್ಲ. ಸ್ಟೋರ್ ರೂಮಿನ ಬಾಗಿಲ ಹಿಂದೆ ನಿಂತಿದ್ದೆ. ನಾನೇನು ಸತ್ತೆನಾ?"

ನನಗೆ ಇದು ಗೊತ್ತಿರಲಿಲ್ಲ. ಶರಲ್‌ಗೂ ಗೊತ್ತಿರಲಿಲ್ಲವಂತೆ. ಮಾಮಾ ಗ್ರೇಸ್ ನನ್ನ ಮುಖ ನೋಡಿದರು. ದಾಟಿಸಬೇಕೋ ಬೇಡವೋ ಎಂದು ತಡವರಿಸಿ, ದಾಟಿಸಿದೆ.

"ಬಾಗಿಲ ಹಿಂದೆ ನಿಂತು ಏನು ಮಾಡಿದಿರಿ?" ಎಂದು ಅವರು ಮೆತ್ತಗೆ ಕೇಳಿದರು.

"ಎಂತ ಮಾಡುವುದು? ವೊವ್ಯೊ ಹೇಳಿದೆ. ಹೇಳಲು ಗೊತ್ತಿದ್ದವರು ಬೇರೆ ಯಾರಿದ್ದರು? ಬಾಗಿಲ ಹಿಂದಿನಿಂದಲೇ ಎಲ್ಲ ಪದ ಹೇಳಿದೆ."

"ಹಾಗಾದರೆ ನಿಮ್ಮ ಸ್ವರ ಒಳಗೆ ಹೋಗಬಹುದು. ಕೈ ಹೋಗಬಾರದು."

ನಾನು ಇದನ್ನು ಕೊಂಕಣಿಗೆ ತಂದೆ. "ಕಾಯಿ ತುರಿದದ್ದು ಸಾಕು, ಹೊತ್ತಾಯ್ತು" ಎಂದು ಆಂಟಿ ಒಳಗೆ ಹೋದರು. ಅಕ್ಕ ತೆಳು ಬಟ್ಟೆಯಲ್ಲಿ ಹಾಲು ಸೋಸಿದಳು, ಮತ್ತೊಮ್ಮೆ ಸೋಸಿದಳು, ಒಂದು ನಾರೂ ಇಲ್ಲದ ಹಾಲನ್ನು ಮೂರನೆಯ ಸಲವೂ ಸೋಸಿದಳು.

ಪೆಂಡಾಲಿನ ಕೆಳಗೆ

ಮಧ್ಯಾಹ್ನ ಕಳೆಯುವುದರೊಳಗೆ ಅಂಗಳ ತುಂಬಿತು. ಕೊಂಕಣಿಯವರು, ಶರಲ್‌ಳ ಆಸ್ಪತ್ರೆಯ ಹುಡುಗಿಯರು, ಎದುರು ಮನೆಯವರು, ಅವರು ಕರೆತಂದ ಅವರ ನೆಂಟರು. ಕರೆಯದವರು ಬಂದರೆ ಇಲ್ಲಿ ಯಾರಿಗೂ ಮುಜುಗರವಿಲ್ಲ, ಬಂದವರಿಗಂತೂ ಇಲ್ಲವೇ ಇಲ್ಲ. ಶರಲ್ ಹಳೆಯ ಸೀರೆ ಉಟ್ಟು, ಚಾಪೆಯ ಮೇಲಿನ ಮಣೆಯಲ್ಲಿ ಕೂತಳು. ಕೂತದ್ದೇ ನನಗೆ ಸಮಾಧಾನ. ಆದರೆ ಕಣ್ಣು ಅಡುಗೆಮನೆಯ ಬಾಗಿಲಲ್ಲೇ ಇತ್ತು.

ನಾನೂ ಗ್ರೇಸೂ ಸೇರಿ ಒಂದು ಉಪಾಯ ಮಾಡಿದ್ದೆವು. ಸರೋವರದ ಬದಿಯ ಹೆಂಗಸರ ಹಾಗೆ ನಾವೆಲ್ಲರೂ ಒಟ್ಟಿಗೆ ಕೈ ಅದ್ದುವುದು, ಒಟ್ಟಿಗೆ ಹಾಕುವುದು, ಅಕ್ಕನ ಕೈಯನ್ನು ನಡುವೆ ಸೇರಿಸಿಕೊಳ್ಳುವುದು. ಮೊದಲ ಕೈ ಯಾವುದೆಂದು ದೇವರಿಗೆ ಮಾತ್ರ ಗೊತ್ತು. ಕಾರ್ಯ ನಡೆಸಿಕೊಡುವ ಯಜಮಾನರು ಪ್ರಾರ್ಥನೆ ಮುಗಿಸಿ, "ಮದುಮಗಳ ತಂದೆ ತಾಯಿಯ ಕಡೆಯವರು ಬನ್ನಿ" ಎಂದು ಕರೆದದ್ದೇ ನಾವು ಹತ್ತು ಹದಿನೈದು ಹೆಂಗಸರು ಹಿತ್ತಾಳೆಯ ಬಟ್ಟಲಿಗೆ ಮುತ್ತಿಗೆ ಹಾಕಿದೆವು. ಕೈಗೆ ಕೈ ತಾಗಿತು, ಬಳೆಗೆ ಬಳೆ ಸಿಕ್ಕಿತು, ಒಬ್ಬಳ ವಾಚು ಹಾಲಿಗೆ ಮುಳುಗಿತು.

"ಎಂತ ಇದು?"

ಅಕ್ಕ ಬಂದು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ.

"ಎಲ್ಲರೂ ಒಟ್ಟಿಗೆ ಹಾಕುವುದು ಬಾಯ್, ನೀವೂ ಬನ್ನಿ" ಎಂದೆ.

"ಮಗು ಉಸಿರು ಕಟ್ಟಿ ಹೋಗ್ಲಿಕ್ಕೆ ಉಂಟಾ? ಸರಿಯಿರಿ ಎಲ್ಲ. ಹಿಲ್ಡಾ, ನೀನೂ ಸರಿ. ಆ ಹುಡುಗಿಯ ವಾಚು ತೆಗೆಯಿರಿ ಮೊದಲು." ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಹೆತ್ತದ್ದು ನಾನು. ಮೊದಲು ನಾನು ಹಾಕ್ತೇನೆ. ಆಮೇಲೆ ಸಾಲಾಗಿ ಬನ್ನಿ."

ನಾವು ಸರಿದೆವು.

ಬೆರಳು ಅದ್ದಿ ಹಣೆಗೆ ಶಿಲುಬೆಯ ಗುರುತು ಹಾಕಿದಳು. ಗುರುತು ಒಂದು ಬದಿಗೆ ವಾಲಿತು. ಆಮೇಲೆ ಬೊಗಸೆ ತುಂಬ ಹಾಲು ತೆಗೆದು ತಲೆಗೆ ಸುರಿದಳು. ಅದು ಶರಲ್‌ಳ ಮೂಗಿನಿಂದ, ಗಲ್ಲದಿಂದ ಇಳಿಯಿತು. ಹಾಲೋ ಕಣ್ಣೀರೋ ಎಂದು ನಾನು ಬರೆಯಹೋಗುವುದಿಲ್ಲ, ಅವಳು ನಗುತ್ತಿದ್ದಳು. "ಮಮ್ಮಿ, ಕಣ್ಣಿಗೆ ಹೋಯ್ತು!"

"ಹೋಗಲಿ, ಕಣ್ಣು ತಂಪಾಗ್ತದೆ."

ಆಗ ಒಂದು ಕೂಗು ಎದ್ದಿತು. ಮಾಮಾ ಗ್ರೇಸ್ ನಾಲಗೆಯನ್ನು ಬಾಯೊಳಗೆ ಅತ್ತಿಂದಿತ್ತ ಆಡಿಸಿ ಎಬ್ಬಿಸಿದ ಗೆಲುವಿನ ಸ್ವರ. ಇಲ್ಲಿನ ಹೆಂಗಸರು ಸಂತೋಷವಾದಾಗ ಹಾಗೆ ಕೂಗುತ್ತಾರೆ. ಗ್ರೇಸ್ ಸೇರಿದಳು, ನರ್ಸ್ ಹುಡುಗಿಯರು ಸೇರಿದರು, ಎದುರು ಮನೆಯ ನೆಂಟರೂ ಸೇರಿದರು. ನಾನೂ ಪ್ರಯತ್ನಿಸಿದೆ, ಕೆಮ್ಮು ಬಂತು. ಆ ಸದ್ದಿನ ನಡುವೆಯೇ ಸೆವ್ರಿನ್ ಆಂಟಿಯ ವೊವ್ಯೊ ಬಿಡದೆ ನಡೆದಿತ್ತು. ಈ ಸಲ ಅವರು ಬಾಗಿಲ ಹಿಂದೆ ಇರಲಿಲ್ಲ, ಆದರೆ ಪೆಂಡಾಲಿನ ಕಂಬ ಹಿಡಿದು ಎಲ್ಲರಿಗಿಂತ ಹಿಂದೆ ನಿಂತಿದ್ದರು.

ಅಕ್ಕ ಹಾಲಿನ ಕೈಯಲ್ಲೇ ಅಲ್ಲಿಗೆ ಹೋದಳು. "ಆಂಟಿ, ಹಾಡಿದ್ದು ಸಾಕು. ಬನ್ನಿ."

"ಪದ ಮುಗಿದಿಲ್ಲ."

"ನಡೆಯುತ್ತಾ ಹಾಡಿ."

ಆಂಟಿ ನಿಜವಾಗಿಯೂ ನಡೆಯುತ್ತಾ ಹಾಡಿದರು. ಪದದ ಕೊನೆಯ ಸಾಲು ಮಣೆಯ ಎದುರು ಮುಗಿಯಿತು. ಬಟ್ಟಲಿಗೆ ಕೈ ಹಾಕಿ, ಎಷ್ಟು ತೆಗೆಯಬೇಕೆಂದು ತಿಳಿಯದವರಂತೆ ಒಂದು ಗಳಿಗೆ ನಿಂತರು. ಪ್ರತಿ ಶಾಸ್ತ್ರವೂ ಬಾಯಿಪಾಠವಿದ್ದ ಅವರಿಗೆ ಅದೊಂದು ಅಳತೆ ಗೊತ್ತಿರಲಿಲ್ಲ. ಕೊನೆಗೆ ಬಟ್ಟಲನ್ನೇ ಎತ್ತಿ ಶರಲ್‌ಳ ತಲೆಗೆ ಕವುಚಿಬಿಟ್ಟರು. ಅಂಗಳವೇ ಬೊಬ್ಬೆ ಹೊಡೆಯಿತು. ಮಾಮಾ ಗ್ರೇಸ್ ಸರದಿಯಲ್ಲಿ ನಿಂತಿದ್ದರು, ಅವರಿಗೆ ಹಾಲೇ ಉಳಿಯಲಿಲ್ಲ. ಡಬ್ಬಿ ಒಡೆಯಬೇಕಾಯಿತು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

ಸಂಜೆ, ಫೋನಿನಲ್ಲಿ

ಮದುಮಗಳಿಗೆ ಸ್ನಾನವಾಯಿತು. ಅಂಗಳ ಇನ್ನೂ ಜಾರುತ್ತಿತ್ತು. ಯುವಕರು ಮತಾತುವಿನ ಪಾಟನ್ನು ಮನೆಗೇ ತಂದು ಹಾಕಿದ್ದರು, ಅದಕ್ಕೆ ಆಂಟಿಯ ಕಾಲು ಮೆಲ್ಲಗೆ ತಾಳ ಹಾಕುತ್ತಿತ್ತು. ಅಕ್ಕ ಮತ್ತು ಮಾಮಾ ಗ್ರೇಸ್ ಒಂದೇ ಶಾಲು ಹೊದ್ದು ಮೆಟ್ಟಿಲಲ್ಲಿ ಕೂತು, ಒಬ್ಬರು ಕೊಂಕಣಿಯಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ, ಮೈದುನಂದಿರ ವಿಷಯ ಮಾತಾಡುತ್ತಿದ್ದರು. ದಾಟಿಸಲು ನನ್ನನ್ನು ಯಾರೂ ಕರೆಯಲಿಲ್ಲ.

ನನಗೆ ಈ ಸುದ್ದಿಯನ್ನು ಯಾರಿಗಾದರೂ ಹೇಳದೆ ಇರಲಿಕ್ಕಾಗಲಿಲ್ಲ. ಗ್ರೇಸ್ ಹಿಡಿದ ವಿಡಿಯೋವನ್ನು ಕಾಪುವಿನ ನಮ್ಮ ಪಕ್ಕದ ಮನೆಯ ಜೊಹರಾಳಿಗೆ ಕಳಿಸಿದೆ. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯವಳು, ನನಗಿಂತ ಚಿಕ್ಕವಳು, ನನ್ನ ಮನೆಯ ಬೀಗದ ಕೈ ಅವಳಲ್ಲೇ ಇದೆ. ಅಲ್ಲಿ ರಾತ್ರಿ ಊಟದ ಹೊತ್ತು. ಅವಳು ನೋಡಿ ಕೂಡಲೇ ಫೋನ್ ಮಾಡಿದಳು. ಅವಳ ಬಾಯಲ್ಲಿ ಏನೋ ಇತ್ತು, ಅಗಿಯುತ್ತಲೇ ಮಾತಾಡಿದಳು. ನಾನು ಫೋನನ್ನು ಕಿವಿಗೆ ಒತ್ತಿ, "ಹೇಗುಂಟು?" ಎಂದೆ.

"ಲಾಯ್ಕ್ ಉಂಟು ಹಿಲ್ಡಕ್ಕ. ಅಲ್ಲ, ನಿಮ್ಮಕ್ಕ ಹಾಲು ಹಾಕುವುದನ್ನೇ ಅಷ್ಟು ಉದ್ದ ಎಂತಕ್ಕೆ ಹಿಡಿದದ್ದು? ತಾಯಿ ಅಲ್ವಾ, ಅವರೇ ಹಾಕುವುದಲ್ವಾ? ಮದುಮಗನನ್ನು ಒಂದು ಸರ್ತಿಯೂ ತೋರಿಸ್ಲಿಲ್ಲ ನೀವು."